ರೇಣುಕಾ ನಾಲ್ಕನೇ ಇಯತ್ತೆಯಲ್ಲಿದ್ದ ವರ್ಷ

೧೯೯೬ರಲ್ಲಿ ನಾನು ಶಾಲೆ ಬಿಟ್ಟೆ. ಏಳನೇ ಇಯತ್ತೆಯ ಪರೀಕ್ಷೆಯಲ್ಲಿ ಗಣಿತ ಒಂದನ್ನು ಬಿಟ್ಟು ಉಳಿದೆಲ್ಲದರಲ್ಲಿ ನಪಾಸಾಗಿದ್ದೆ. ಅಪ್ಪ ಬೈಯಲಿಲ್ಲ, ಹೊಡೆಯಲೂ ಇಲ್ಲ. ಮರುದಿನ ಬೆಳಿಗ್ಗೆ ಕೈಗೊಂದು ಬುಟ್ಟಿ ಕೊಟ್ಟು, “ನಡಿ, ನಿಂಬಿಕಾಯಿ ಹರಿಯಾಕ ಇಂಗ್ಲೀಷ್ ಬೇಕಾಗಂಗಿಲ್ಲ” ಅಂದ. ಅಂದಿನಿಂದ ನಾನು ಖಾಲಿ ಕೂತವನಲ್ಲ. ಕಾಯಿ ಹರಿದೆ, ಆರಿಸಿದೆ, ಎಣಿಸಿದೆ, ಚೀಲ ಹೊಲಿದೆ. ಇವತ್ತು ಇಂಡಿ ಮಾರುಕಟ್ಟೆಯಲ್ಲಿ ಈ ಚಂದ್ರಾಮ ಎಣಿಸಿದ ಚೀಲವನ್ನು ಯಾರೂ ಬಿಚ್ಚಿ ಮತ್ತೊಮ್ಮೆ ಎಣಿಸುವುದಿಲ್ಲ. ಇದನ್ನು ಜಂಬದಿಂದಲೇ ಹೇಳುತ್ತಿದ್ದೇನೆ. ಓದಿದವರು ಸರ್ಟಿಫಿಕೇಟನ್ನು ಗಾಜು ಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ, ನನ್ನದನ್ನು ಗೋಡೆಗೆ ಹಾಕಲು ಬರುವುದಿಲ್ಲ, ಅಷ್ಟೇ.

ಮೊನ್ನೆ ಜೂನ್‌ನಲ್ಲಿ ಮಿರಗದ, ಅಂದರೆ ಮೃಗಶಿರಾ ಮಳೆ ಹಿಡಿದ ಮರುದಿನ ನಮ್ಮೂರ ಪ್ರಾಥಮಿಕ ಶಾಲೆಗೆ ಹೋಗಿದ್ದೆ, ಬಿಸಿಯೂಟದ ಅಡುಗೆಮನೆಗೆ ಒಂದು ಬುಟ್ಟಿ ನಿಂಬೆಹಣ್ಣು ಕೊಡಲು. ಬರುವಾಗ ನಾಲ್ಕನೇ ಇಯತ್ತೆಯ ಕೋಣೆಯ ಬಾಗಿಲಲ್ಲಿ ಸುಮ್ಮನೆ ನಿಂತೆ. ತೊಯ್ದ ಗೋಡೆ, ಸೀಮೆಸುಣ್ಣದ ಪುಡಿ, ಕುದಿಯುವ ಬೇಳೆ, ನನ್ನ ಕೈಗಂಟಿದ ನಿಂಬೆಯ ಘಮ, ಎಲ್ಲ ಕೂಡಿ ಮೂಗಿಗೆ ಬಡಿಯಿತು. ನಾಲ್ಕು ವರ್ಷದ ಹಿಂದಿನ ಮಳೆಗಾಲ ಇದ್ದ ಹಾಗೆ ನೆನಪಾಯಿತು.

ಆ ವರ್ಷ ನನ್ನ ಮಗಳು ರೇಣುಕಾ ನಾಲ್ಕನೇ ಇಯತ್ತೆಗೆ ಬಂದಿದ್ದಳು. ಶಾಲೆಯಲ್ಲಿ ಆಕೆ ಬಾಯಿ ಬಿಡುತ್ತಿರಲಿಲ್ಲ. ಹಾಜರಿ ಕರೆದರೆ ಕೈ ಎತ್ತುವಳು, ನೀರು ಬೇಕಾದರೆ ಬೆರಳು ತೋರಿಸುವಳು, ಪ್ರಶ್ನೆ ಕೇಳಿದರೆ ನೆಲ ನೋಡುವಳು. ಒಂದನೇ ಇಯತ್ತೆಯ ನಡುವೆ ಯಾವಾಗಲೋ ಶುರುವಾದದ್ದು. ಆಮೇಲೆ ಕೊರೊನಾ ಬಂದು ಶಾಲೆಯ ಬಾಗಿಲೇ ಮುಚ್ಚಿತಲ್ಲ, ಯಾರಿಗೂ ಅದು ಕಣ್ಣಿಗೆ ಬೀಳಲಿಲ್ಲ. ನಮಗಂತೂ ಗೊತ್ತೇ ಆಗಲಿಲ್ಲ, ಯಾಕೆಂದರೆ ಮನೆಯಲ್ಲಿ ಆಕೆ ಬೇರೆಯೇ ಹುಡುಗಿ. ಅವ್ವನ ಜೊತೆ ವಾದ, ಕೋಳಿಗಳ ಜೊತೆ ಜಗಳ, ನನ್ನ ಜೊತೆ ನಿಂಬೆ ಎಣಿಸುವುದರಲ್ಲಿ ಪೈಪೋಟಿ.

ನಾನು ಆಗ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷ. ನನ್ನನ್ನು ಯಾಕೆ ಆರಿಸಿದರೆಂದರೆ, ಊರಲ್ಲಿ ನನ್ನ ದನಿ ದೊಡ್ಡದು. ಜೂನ್ ತಿಂಗಳ ಸಭೆ ಮುಗಿದ ಮೇಲೆ ಹೆಡ್ ಮಾಸ್ತರರು ನನ್ನೊಬ್ಬನನ್ನೇ ನಿಲ್ಲಿಸಿಕೊಂಡರು. ಮೇಜಿನ ಮೇಲೆ ಒಂದು ಫಾರ್ಮ್ ಇತ್ತು.

“ಅಧ್ಯಕ್ಷರ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಿಮ್ಮ ಹುಡುಗಿಗಿ ಮಾತು ಬರಂಗಿಲ್ಲ. ವಿಜಯಪುರದಾಗ ಇಂಥಾ ಮಕ್ಕಳ ಸಾಲಿ ಐತಿ, ಅಲ್ಲೇ ಹಾಸ್ಟೆಲ್ಲೂ ಐತಿ. ನೀವೊಂದು ಸಹಿ ಮಾಡಿದ್ರ ಮುಂದಿಂದು ನಾ ನೋಡ್ತೇನಿ.”

“ಸರ, ಮನ್ಯಾಗ ಆಕಿ ಬಾಯಿ ಮುಚ್ಚಸಾಕ ನಾವು ರೊಟ್ಟಿ ತುರುಕತೇವ್ರಿ!”

“ಎಲ್ಲಾ ತಂದಿ-ತಾಯಿನೂ ಹಿಂಗ ಅಂತಾರ. ನಾ ಈ ಸಾಲಿಗಿ ಬಂದಾಗಿಂದ ಆಕಿ ದನಿ ಹೆಂಗೈತಿ ಅಂತ ನನಗ ಗೊತ್ತಿಲ್ಲ. ದಸರಾ ಸೂಟಿ ಬಿಡೂದ್ರೊಳಗ ವಿಚಾರ ಮಾಡಿ ಹೇಳ್ರಿ.”

ಅವರು ಕೆಟ್ಟ ಮನುಷ್ಯರಲ್ಲ. ಒಳ್ಳೆಯದಾಗಲಿ ಎಂದೇ ಹೇಳಿದರು. ಫಾರ್ಮನ್ನು ಮಡಿಚಿ ಕಿಸೆಗೆ ಹಾಕಿಕೊಂಡು ಮನೆಗೆ ಬಂದೆ. ಒಂಬತ್ತು ವರ್ಷದ ಹುಡುಗಿಯನ್ನು ಹಾಸ್ಟೆಲ್ಲಿಗೆ ಕಳಿಸುವುದು ಹೇಗೆ? ಮಾತು ಬರುವ ಹುಡುಗಿಯನ್ನು ಮಾತು ಬರದ ಮಕ್ಕಳ ನಡುವೆ ಕೂರಿಸುವುದು ಹೇಗೆ? ನನಗೆ ಗೊತ್ತಿದ್ದ ಉಪಾಯ ಒಂದೇ. ಅಂದು ಸಂಜೆಯಿಂದ ಜಾಲಿಯ ಬರಲು, ಅಂದರೆ ಹೊಡೆಯುವ ಕೋಲು, ಹಿಡಿದು ಮಗಳನ್ನು ಎದುರಿಗೆ ಕೂರಿಸಿಕೊಂಡೆ. ಮಗ್ಗಿ ಹೇಳು, ಪದ್ಯ ಹೇಳು, ಗಟ್ಟಿಯಾಗಿ ಹೇಳು. ಮನೆಯಲ್ಲಿ ಗಿಣಿಯಂತಿದ್ದವಳು ನನ್ನೆದುರಿಗೂ ಬಾಯಿ ಮುಚ್ಚತೊಡಗಿದಳು. ನನ್ನ ಹೆಂಡತಿ ಕಸ್ತೂರಿ ಒಲೆಯ ಮುಂದಿನಿಂದಲೇ ಅಂದಳು, “ಛಲೋ ಆತು ಬಿಡ್ರಿ. ಸಾಲ್ಯಾಗ ಮೂಕಿ ಆಗಿದ್ಲು, ಈಗ ಮನ್ಯಾಗೂ ಮಾಡ್ರಿ. ಅಧ್ಯಕ್ಷರು ಹಿಡಿದ ಕೆಲಸ ಅರ್ಧಕ್ಕ ಬಿಡಬಾರ್ದು.”

ಅದೇ ವಾರ ಮುಮ್ತಾಜ್ ಅಕ್ಕೋರು ನಾಲ್ಕನೇ ಇಯತ್ತೆಗೆ ಹೊಸ ಶಿಕ್ಷಕಿಯಾಗಿ ನಮ್ಮ ಶಾಲೆಗೆ ಬಂದರು. ಮುದ್ದೇಬಿಹಾಳದವರು, ಇಂಡಿಯಲ್ಲಿ ಬಾಡಿಗೆ ಕೋಣೆ ಮಾಡಿದ್ದರು. ಬಸ್ಸು ದೊಡ್ಡ ರಸ್ತೆಯಿಂದ ನಮ್ಮೂರ ದಾರಿ ಒಡೆಯುವ ಫಾಟಾದವರೆಗೆ ಮಾತ್ರ ಬರುತ್ತದೆ, ಅಲ್ಲಿಂದ ಎರಡು ಮೈಲಿ ಎರೆಮಣ್ಣಿನ ದಾರಿ. ಮಳೆ ಬಿದ್ದರೆ ಆ ಮಣ್ಣು ಚಪ್ಪಲಿಗೆ ಹತ್ತಿ ಒಂದೊಂದು ಕಾಲು ಒಂದೊಂದು ಬೀಸುವ ಕಲ್ಲಿನಷ್ಟು ಭಾರವಾಗುತ್ತದೆ. ಮೊದಲ ದಿನ ಅಕ್ಕೋರು ಎರಡೂ ಚಪ್ಪಲಿ ಒಂದು ಕೈಯಲ್ಲಿ, ಛತ್ರಿ ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಬರಿಗಾಲಲ್ಲಿ ಬಂದರು. ಮಕ್ಕಳು ಕಂಪೌಂಡಿನ ಮೇಲೆ ಹತ್ತಿ ನೋಡುತ್ತಿದ್ದರು. “ನಗಬ್ಯಾಡ್ರೋ, ನಾಳೆ ನಿಮ್ಮ ಕಡಿಂದ ಈ ಮಣ್ಣ ಎಷ್ಟು ತೂಕ ಬರ್ತೈತಿ ಅಂತ ಲೆಕ್ಕಾ ಮಾಡಸ್ತೇನಿ” ಅಂದರಂತೆ. ಮಾಡಿಸಿಯೂ ಬಿಟ್ಟರು. ಕಿರಾಣಿ ಅಂಗಡಿಯ ತಕ್ಕಡಿ ಶಾಲೆಗೆ ಬಂದು ಚಪ್ಪಲಿಗಳು ಅದರ ಮೇಲೆ ಕೂತವು.

ಇದು ನನಗೆ ಸರಿಬರಲಿಲ್ಲ. ಕಲಿಸುವುದೆಂದರೆ ನಾನು ಕಂಡದ್ದು ಬೇರೆ. ಮಾಸ್ತರರು ಹೇಳಬೇಕು, ಮಕ್ಕಳು ಕೂಡಿ ಒದರಬೇಕು, ತಪ್ಪಿದವನಿಗೆ ಬೀಳಬೇಕು. ಅಕ್ಕೋರ ಕೋಣೆಯಲ್ಲಿ ಮಕ್ಕಳು ಸಾಲಾಗಿ ಕೂರದೆ ನಾಲ್ಕೈದು ಜನ ದುಂಡಗೆ ಕೂತು ಗುಜುಗುಜು ಮಾಡುತ್ತಿದ್ದರು. ಒಂದು ದಿನ ನಾನು ಕಿಟಕಿಯ ಹೊರಗೆ ನಿಂತು ಅರ್ಧ ತಾಸು ನೋಡಿದೆ. ಅಕ್ಕೋರು ಒಂದು ಪ್ರಶ್ನೆ ಕೇಳಿ ಸುಮ್ಮನೆ ನಿಂತರು. ಯಾರೂ ಉತ್ತರ ಹೇಳಲಿಲ್ಲ. ಇವರೂ ಹೇಳಲಿಲ್ಲ. ನನಗೆ ಹೊರಗೆ ನಿಂತೇ ಮೈ ಉರಿಯಿತು. ಬಿಡುವಿನಲ್ಲಿ ಒಳಗೆ ನುಗ್ಗಿದೆ.

“ಅಕ್ಕೋರ, ನೀವೂ ಸುಮ್ಮ, ಹುಡುಗರೂ ಸುಮ್ಮ. ಯಾರು ಯಾರಿಗಿ ಕಲಸಾಕತ್ತಾರ ಅಂತ ಕೇಳಬಹುದೇನ್ರಿ?”

“ನಾ ಮನಸಿನ್ಯಾಗ ಹತ್ತು ಎಣಸಾಕತ್ತಿದ್ದೆರಿ, ಅಧ್ಯಕ್ಷರ. ಕೇಳಿದ ಕೂಡ್ಲೆ ಹೇಳೋ ಹುಡುಗ್ರು ಇಬ್ರೋ ಮೂವರೋ ಇರ್ತಾರ. ಉಳಿದವರಿಗಿ ಸ್ವಲ್ಪ ತಡಾ ಬೇಕು. ನಾ ಅವಸರ ಮಾಡಿದ್ರ ಅವರು ವಿಚಾರ ಮಾಡೂದs ಬಿಡ್ತಾರ.”

“ನಮ್ಮ ಮಾಸ್ತರು ಛಡಿ ತೋರ್ಸಿದ್ರ ಒಂದs ಕ್ಷಣಕ್ಕ ಉತ್ತರ ಬರ್ತಿತ್ರಿ.”

“ಹೌದೇನ್ರಿ? ಹಂಗಾರ ಪರೀಕ್ಷಾ ಎಲ್ಲಾ ಭಾಳ ಛಲೋ ಪಾಸಾಗಿರ್ಬೇಕು ನೀವು.”

ಅವರಿಗೆ ಗೊತ್ತಿರಲಿಲ್ಲ, ಸಹಜವಾಗಿ ಅಂದದ್ದು. ಹಿಂದೆ ನಿಂತಿದ್ದ ಅಡುಗೆಯ ಹೆಂಗಸಿಗೆ ಮಾತ್ರ ಗೊತ್ತಿತ್ತು. ಆಕೆ ಸೆರಗು ಬಾಯಿಗೆ ಒತ್ತಿಕೊಂಡು ಒಳಗೋಡಿದಳು. ನಾನು ಮೀಸೆ ಸರಿಮಾಡಿಕೊಂಡು ಹೊರಬಂದೆ.

ಆದರೂ ನೋಡುವುದು ಬಿಡಲಿಲ್ಲ. ಕಾಯಿ ಹರಿಯುವ ಕೆಲಸ ಹನ್ನೊಂದಕ್ಕೆಲ್ಲ ಮುಗಿಯುತ್ತಿತ್ತು, ಆಮೇಲೆ ಏನಾದರೂ ನೆವ ಮಾಡಿಕೊಂಡು ಶಾಲೆಯ ಕಡೆ ಹೋಗುತ್ತಿದ್ದೆ. ಅಕ್ಕೋರು ರೇಣುಕಾಳಿಗೆ ಒಂದು ಪ್ರಶ್ನೆಯನ್ನೂ ಕೇಳುತ್ತಿರಲಿಲ್ಲ. “ಮಾತಾಡವಾ” ಎಂದು ಗಲ್ಲ ಹಿಡಿಯುವುದೂ ಇಲ್ಲ. ಬದಲಿಗೆ ಊಟದ ಹೊತ್ತಿಗೆ ತತ್ತಿ ಹಂಚುವ ಕೆಲಸ ಕೊಟ್ಟರು. ಇಪ್ಪತ್ತೆಂಟು ಮಕ್ಕಳು. ತತ್ತಿ ತಿನ್ನುವವರು ಇಷ್ಟು, ಬಾಳೆಹಣ್ಣಿನವರು ಇಷ್ಟು, ಇವತ್ತು ಬರದವರು ಇಷ್ಟು, ಎಲ್ಲ ಆಕೆಯೇ ಲೆಕ್ಕ ಮಾಡಿ ಬುಟ್ಟಿಗೆ ಹಾಕಬೇಕು. ಬಾಯಿ ಬೇಕಿಲ್ಲದ ಕೆಲಸ, ಆದರೆ ತಲೆ ಬೇಕು. ಒಂದು ದಿನ ಅಡುಗೆಯವರು ಒಂದು ತತ್ತಿ ಕಡಿಮೆ ಕೊಟ್ಟಿದ್ದರು. ರೇಣುಕಾ ಅಕ್ಕೋರ ಸೆರಗು ಜಗ್ಗಿ ಒಂದು ಬೆರಳು ಎತ್ತಿ ತೋರಿಸಿದಳು. ಅಕ್ಕೋರು ತಾವೂ ಒಂದು ಬೆರಳು ಎತ್ತಿ ಕಣ್ಣರಳಿಸಿದರು. ಅಷ್ಟೇ. ತತ್ತಿ ಬಂತು. ನಾನಾಗಿದ್ದರೆ, ಬಾಯಿಬಿಟ್ಟು ಹೇಳುವವರೆಗೆ ಕೊಡುವುದಿಲ್ಲ ಅಂದುಬಿಡುತ್ತಿದ್ದೆ.

ಆಗಸ್ಟ್ ತಿಂಗಳಲ್ಲಿ ಮಳೆ ಜಿಟಿಜಿಟಿ ಹಿಡಿದು ಎಂಟು ದಿನ ಬಿಡಲಿಲ್ಲ. ಹೊಲದಲ್ಲಿ ತೊಗರಿ ಮೊಳಕಾಲುದ್ದ ಎದ್ದಿತ್ತು, ಗಿಡದಲ್ಲಿ ನಿಂಬೆ ಕಾಲಿಗೊಂದು ಕೈಗೊಂದು ಸಿಗುತ್ತಿತ್ತು. ಅಂಥ ಒಂದು ಸಂಜೆ ಬಸ್ಸು ತಪ್ಪಿಸಿಕೊಂಡ ಅಕ್ಕೋರು ನಮ್ಮ ಮನೆಗೆ ಬಂದರು. ಪಡಸಾಲೆಯಲ್ಲಿ ಕಾಯಿಯ ರಾಶಿ ಬಿದ್ದಿತ್ತು. ನಾನು ಚೀಲಕ್ಕೆ ದಾರ ಪೋಣಿಸುತ್ತ ಹಿತ್ತಲ ಬಾಗಿಲಲ್ಲಿದ್ದೆ. ರೇಣುಕಾ ಬಾಗಿಲಿಗೆ ಬೆನ್ನು ಹಾಕಿ ಕೂತು ಎಣಿಸುತ್ತಿದ್ದಳು. ಬಲಗೈಯಲ್ಲಿ ಮೂರು, ಎಡಗೈಯಲ್ಲಿ ಎರಡು, ಒಂದು ಎಸೆತಕ್ಕೆ ಐದು ಕಾಯಿ. ಇಪ್ಪತ್ತು ಎಸೆತಕ್ಕೆ ನೂರು. ನೂರಾದ ಕೂಡಲೇ ನೆನಪಿಗೆ ಒಂದು ಕಾಯಿ ಪಕ್ಕಕ್ಕೆ. “ಲಾಭ, ಎರಡು, ಮೂರು, ನಾಕು…” ದನಿ ಗಂಟೆಯ ಹಾಗೆ. ನಮ್ಮಲ್ಲಿ ರಾಶಿ ಅಳೆಯುವಾಗಲೂ ಕಾಯಿ ಎಣಿಸುವಾಗಲೂ ಮೊದಲನೆಯದಕ್ಕೆ ಒಂದು ಅನ್ನುವುದಿಲ್ಲ. ಒಂದು ಅಂದರೆ ಬೆಳೆ ಒಂದಕ್ಕೇ ನಿಂತೀತು ಎಂದು ಹಿರಿಯರಿಗೆ ಅಂಜಿಕೆ. ಅದಕ್ಕೇ ಲಾಭ ಎಂದು ಶುರು ಮಾಡುತ್ತೇವೆ. ಅಪ್ಪ ನನಗೆ ಹಾಗೇ ಕಲಿಸಿದ, ನಾನು ಮಗಳಿಗೆ.

ಅಕ್ಕೋರು ಅಂಗಳದಲ್ಲೇ ನಿಂತರು. ಛತ್ರಿಯಿಂದ ನೀರು ಸೋರುತ್ತಿತ್ತು. ಒಂದು ನೂರು ಪೂರ್ತಿ ಆಗುವವರೆಗೆ ಒಳಗೆ ಬರಲಿಲ್ಲ. ಆಮೇಲೆ ಹಿತ್ತಲಿಗೆ ಸುತ್ತಿ ಬಂದು ಮೆಲ್ಲಗೆ ಅಂದರು, “ಅಣ್ಣಾರ, ಈ ಹುಡುಗಿಗಿ ಬಾಯಿನೂ ಐತಿ, ಗಣಿತಾನೂ ಐತಿ. ಸಾಲಿಯೊಳಗ ಏನೋ ಆಗೇತಿ. ಏನಂತ ನನಗ ಗೊತ್ತಿಲ್ಲ. ಆದ್ರ ಆ ಬರಲ ಒಂದು ಒಲಿಗಿ ಹಾಕ್ರಿ.”

“ಬರಲs? ಅದು ನಿಮಗ ಹೆಂಗ ಗೊತ್ತಾತ್ರಿ?”

“ಆಕಿ ಚಿತ್ರದಾಗ ಅಪ್ಪನ್ನ ತಗದಾಳ. ಒಂದು ಕೈಯಾಗ ನಿಂಬಿಕಾಯಿ, ಒಂದು ಕೈಯಾಗ ಬರಲ.”

ಕಸ್ತೂರಿ ನನ್ನ ಮಾತಿಗೆ ಕಾಯಲಿಲ್ಲ. ಬರಲು ಮುರಿದು ಒಲೆಗೆ ಹಾಕಿ ಅದೇ ಉರಿಯಲ್ಲಿ ಅಕ್ಕೋರಿಗೆ ಚಹಾ ಮಾಡಿದಳು.

ಚಹಾ ಕುಡಿಯುತ್ತ ಅಕ್ಕೋರು ನನಗೊಂದು ಕೆಲಸ ಹಚ್ಚಿದರು. ಅವರ ತರಗತಿಯಲ್ಲಿ ಆ ತಿಂಗಳು ಮಕ್ಕಳ ಮನೆಯವರು ಬಂದು ತಮ್ಮ ಕೆಲಸದ ಲೆಕ್ಕ ತೋರಿಸುತ್ತಿದ್ದರು. ಬಳೆ ಮಾರುವ ಅಜ್ಜಿ ಡಜನ್ನಿನ ಲೆಕ್ಕ ತೋರಿಸಿ ಹೋಗಿದ್ದಳು. ಕುರಿ ಕಾಯುವ ಮಾಳಪ್ಪ ಇಪ್ಪತ್ತಿಪ್ಪತ್ತರಂತೆ ಕುರಿ ಎಣಿಸುವುದನ್ನು ಅಂಗಳದಲ್ಲೇ ಕುರಿ ಹೊಡೆದುಕೊಂಡು ಬಂದು ತೋರಿಸಿದ್ದ. ಶಾಲೆ ಎರಡು ದಿನ ಕುರಿಯ ವಾಸನೆ ಹೊಡೆಯುತ್ತಿತ್ತು. “ಮುಂದಿನ ಗುರುವಾರ ನೀವು ಬರ್ಬೇಕು. ಮನ್ಯಾಗ ಹೆಂಗ ಎಣಸ್ತೀರಿ, ಹಂಗs ಎಣಸ್ಬೇಕು.”

ಅಧ್ಯಕ್ಷನಾಗಿ ಧ್ವಜದ ಕಟ್ಟೆಯ ಮೇಲೆ ನಿಂತು ಭಾಷಣ ಹೊಡೆದವನು ನಾನು. ಆದರೆ ಬೋರ್ಡಿನ ಮುಂದೆ ನಿಲ್ಲುವುದು ಬೇರೆ. ಬುಧವಾರ ರಾತ್ರಿ ಊಟ ಸೇರಲಿಲ್ಲ. ಗುರುವಾರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಾಯಿಯ ಚೀಲ ಹೆಗಲಿಗೇರಿಸಿದಾಗ ಕಸ್ತೂರಿ ಬಾಗಿಲಿಗೆ ಬಂದಳು. “ಮದವಿ ಮದಲಿಂಗ ಆಗಿ ಹೊಂಟೀರಲ್ಲ! ನೆಟ್ಟಗ ಎಣಸ್ರಿ, ಇಲ್ಲಂದ್ರ ಅಕ್ಕೋರು ನಿಮ್ಮನ್ನೂ ನಾಕನೇ ಇಯತ್ತೆದಾಗs ಕೂಡಸ್ಕೊಂಡಾರು.”

ಇಪ್ಪತ್ತೆಂಟು ಮಕ್ಕಳು ಮೇಜಿನ ಸುತ್ತ ಕೂತಿದ್ದರು. ರೇಣುಕಾ ಎಲ್ಲರ ಹಿಂದೆ ಗೋಡೆಗೆ ಹತ್ತಿ ಕೂತಿದ್ದಳು, ನನ್ನ ಮುಖ ನೋಡಲೊಲ್ಲಳು. ನಾನು ಚೀಲ ಸುರುವಿದೆ. ಬಲಗೈಗೆ ಮೂರು, ಎಡಗೈಗೆ ಎರಡು. ಎಸೆದು ದೊಡ್ಡ ದನಿಯಲ್ಲಿ ಅಂದೆ, “ಲಾಭ!”

ಕೋಣೆ ತುಂಬ ನಗೆ ಸಿಡಿಯಿತು. ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ನಗತೊಡಗಿದರು. ಹಿಂದಿನಿಂದ ಯಾವನೋ ಕೂಗಿದ, “ಲಾಭವ್ವನ ಅಪ್ಪಾ!” ಮತ್ತೆ ನಗೆ. ನನಗೆ ತಿಳಿಯಲಿಲ್ಲ. ಲಾಭವ್ವ ಯಾರು? ನಾನೇನು ತಪ್ಪು ಮಾಡಿದೆ? ಇಪ್ಪತ್ತಾರು ವರ್ಷ ಕಾಯಿ ಎಣಿಸಿದವನು, ಚೀಲ ಸುರುವಿಸಿ ಜಗಳಕ್ಕೆ ಬಂದ ವ್ಯಾಪಾರಿಯ ಮುಂದೂ ಅಳುಕದವನು, ಅಲ್ಲಿ ಎರಡನೆಯ ಎಸೆತಕ್ಕೆ ಕೈ ಹಾಕಲಾರದೆ ನಿಂತೆ. ಏಳನೇ ಇಯತ್ತೆಯ ಹುಡುಗನೇ ಆಗಿಬಿಟ್ಟಿದ್ದೆ. ಚೀಲ ಅಲ್ಲೇ ಬಿಟ್ಟು ಹೊರಟುಬಿಡಬೇಕು ಅನ್ನಿಸಿತು. ಒಂದು ಹೆಜ್ಜೆ ಇಟ್ಟೂ ಇದ್ದೆ.

“ಅಪ್ಪಾ.”

ಸಣ್ಣ ದನಿ. ಆದರೆ ಎಲ್ಲರ ನಗೆ ಕತ್ತರಿಸಿದಂತೆ ನಿಂತಿತು.

ರೇಣುಕಾ ಎದ್ದು ನಿಂತಿದ್ದಳು. ಎರಡೂ ಕೈಯಿಂದ ಲಂಗ ಹಿಡಿದುಕೊಂಡಿದ್ದಳು, ಮುಖ ಕೆಂಪಗಾಗಿತ್ತು. “ಅಪ್ಪಾ, ಇಲ್ಲಿ ಲಾಭ ಅನಬಾರ್ದು. ಸಾಲ್ಯಾಗ ಒಂದು ಅನಬೇಕು. ಒಂದು ಅನ್ನು, ಯಾರೂ ನಗಂಗಿಲ್ಲ.”

ನಾನು ಅಕ್ಕೋರ ಮುಖ ನೋಡಿದೆ. ಅವರ ಕಣ್ಣು ತುಂಬಿದ್ದವು, ಆದರೆ ಚಪ್ಪಾಳೆ ತಟ್ಟಲಿಲ್ಲ, ಓಡಿಹೋಗಿ ತಬ್ಬಲಿಲ್ಲ, “ಅಯ್ಯ, ರೇಣುಕಾ ಮಾತಾಡಿದ್ಲು!” ಅನ್ನಲೂ ಇಲ್ಲ. ಸುಮ್ಮನೆ ನಿಂತರು. ಹತ್ತು ಎಣಿಸಿದರೋ ಏನೋ. ಆಮೇಲೆ ದಿನಾ ಮಾತಾಡುವ ಹುಡುಗಿಯನ್ನು ಕೇಳಿದ ಹಾಗೆ ಕೇಳಿದರು, “ರೇಣುಕಾ, ಮನ್ಯಾಗ ಲಾಭ ಅಂತ ಯಾಕಂತಾರ?”

“ಒಂದಂದ್ರ ಒಂದಕ್ಕs ನಿಂದರ್ತೈತ್ರಿ. ಲಾಭ ಅಂದ್ರ ಭಾಳ ಆಗ್ತಾವ.”

“ನಮ್ಮಜ್ಜಿನೂ ಹಂಗs ಅಂತಾಳ್ರೀ ಅಕ್ಕೋರ, ಜ್ವಾಳಾ ಅಳಿಯೂ ಮುಂದ!” ಮುಂದೆ ಕೂತಿದ್ದ ಹುಡುಗನೊಬ್ಬ ಎದ್ದ. “ನಮ್ಮ ಮನ್ಯಾಗೂರಿ!” ಇನ್ನೊಬ್ಬಳು. ನಕ್ಕವರೆಲ್ಲರ ಮನೆಯಲ್ಲೂ ಲಾಭ ಇತ್ತು. ಅಕ್ಕೋರು ಬೋರ್ಡಿನ ಮೇಲೆ ದೊಡ್ಡದಾಗಿ ಎರಡು ಸಾಲು ಬರೆದರು, ಮನೆಯ ಎಣಿಕೆ ಒಂದು, ಶಾಲೆಯ ಎಣಿಕೆ ಒಂದು. “ಎರಡೂ ಖರೇನs. ಈಗ ಅಧ್ಯಕ್ಷರಿಗಿ ಎಣಿಕಿ ತಪ್ಪೇತಿ. ರೇಣುಕಾ, ನೀ ಮುಂದುವರಸ್ತಿ ಏನು?”

ಬಂದಳು. ಶುರುವಿನಲ್ಲಿ ದನಿ ನಡುಗಿತು, ಹತ್ತನೇ ಎಸೆತಕ್ಕೆ ನೆಟ್ಟಗಾಯಿತು, ಇಪ್ಪತ್ತಕ್ಕೆ ಮನೆಯ ದನಿಯೇ ಬಂತು. ಕೈ ನನಗಿಂತ ಚುರುಕು, ಹೇಳಿಕೊಳ್ಳಲು ನಾಚಿಕೆಯಿಲ್ಲ. ಅಕ್ಕೋರು ನಡುವೆ ನಡುವೆ ನಿಲ್ಲಿಸಿ ಉಳಿದವರನ್ನು ಕೇಳುತ್ತಿದ್ದರು, “ಹದಿಮೂರು ಎಸೆತಕ್ಕ ಎಷ್ಟು ಕಾಯಿ? ಹೆಂಗ ಬಂತು ಹೇಳು.” ಐದರ ಮಗ್ಗಿ ಅಂದು ಎಲ್ಲರ ಕೈಗೂ ಸಿಕ್ಕಿತು. ಆಮೇಲೆ ಎಲ್ಲರಿಗೂ ಎಸೆಯುವ ಆಸೆ. ಕಾಯಿ ಬೆಂಚಿನ ಕೆಳಗೆ, ಬಾಗಿಲಾಚೆ, ಅಂಗಳಕ್ಕೆ ಉರುಳಿದವು. ಹೆಡ್ ಮಾಸ್ತರರು ಕಾಲಿಗೆ ಸಿಕ್ಕ ಒಂದು ಕಾಯಿ ಹಿಡಿದುಕೊಂಡೇ ಬಂದರು.

“ಏನ್ರಿ ಇದು, ಸಂತಿ ಹಚ್ಚೀರಿ? ಯಾರದದು ದನಿ? ಹೊಸಾ ಹುಡುಗಿ ಬಂದಾಳೇನು?”

“ಹಳೇ ಹುಡುಗಿನs ಸರ,” ಅಂದರು ಅಕ್ಕೋರು. “ನಮ್ಮ ರೇಣುಕಾ.”

ಮಾಸ್ತರರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು, ದನಿ ಕಣ್ಣಿಗೆ ಕಾಣುವುದೇನೋ ಎಂಬಂತೆ. ಆಮೇಲೆ ನನ್ನ ಮುಂದೆ ಕೈ ಚಾಚಿದರು. “ಆ ಫಾರ್ಮ್ ಕೊಡ್ರಿ ಅಧ್ಯಕ್ಷರ. ಅದು ನಿಮಗ ಬೇಕಾಗಿಲ್ಲ.”

ಸಂಜೆ ಮನೆಯಲ್ಲಿ ರೇಣುಕಾ ತಾನಾಗಿಯೇ ಹೇಳಿದಳು. ಒಂದನೇ ಇಯತ್ತೆಯಲ್ಲಿ ಆಗಿನ ಮಾಸ್ತರರು ಸೀಮೆಸುಣ್ಣದ ತುಂಡು ಎಣಿಸಲು ಹೇಳಿದ್ದರು. ಈಕೆ ಎದ್ದು ಹುರುಪಿನಿಂದ “ಲಾಭ, ಎರಡು” ಅಂದಳು. “ಏನವಾ, ಜ್ವಾಳಾ ಅಳ್ಯಾಕ ಬಂದೀಯೇನು ಸಾಲಿಗಿ?” ಎಂದು ಅವರು ಅಂಗೈಗೆ ಎರಡು ಕೊಟ್ಟು ಬಾಗಿಲಲ್ಲಿ ನಿಲ್ಲಿಸಿದರು. ಲಾಭವ್ವ ಎಂಬ ಹೆಸರು ಅಂದು ಬಿದ್ದದ್ದು. “ಮನ್ಯಾಗ ಯಾಕ ಹೇಳ್ಲಿಲ್ಲವಾ?” ಅಂದೆ. “ನೀನs ಅಂದಿದ್ದೆಲ್ಲ, ಹೊಡೀರಿ ಅಂತ” ಅಂದಳು. ಹೌದು, ಅಂದಿದ್ದೆ. ಸೇರಿಸಿದ ದಿನ ಅದೇ ಮಾಸ್ತರರಿಗೆ, ಮಗಳ ಎದುರಿಗೇ, “ತೊಗಲು ನಿಮ್ದು, ಎಲುಬು ನಂದು, ಬೇಕಾದಷ್ಟು ಹೊಡೀರಿ” ಎಂದು ನಕ್ಕು ಹೇಳಿ ಬಂದಿದ್ದೆ. ದೊಡ್ಡ ಮಾತು ಹೇಳಿದೆನೆಂದು ಹೆಮ್ಮೆಯೂ ಪಟ್ಟಿದ್ದೆ. ಅವತ್ತು ಕಸ್ತೂರಿ ನನಗೆ ಏನೂ ಅನ್ನಲಿಲ್ಲ. ಆಕೆ ಏನೂ ಅನ್ನದ ದಿನಗಳು ಬಹಳ ಕಡಿಮೆ, ಆದ್ದರಿಂದ ನೆನಪಿದೆ.

ಮರುದಿನ ರೇಣುಕಾ ಶಾಲೆಯಲ್ಲಿ ಮತ್ತೆ ಸುಮ್ಮನಾದಳು. ನಾನು ಅಕ್ಕೋರ ಹತ್ತಿರ ಓಡಿದೆ. “ಅಣ್ಣಾರ, ಒಂದು ಕಾಯಿ ಹಣ್ಣಾತಂತ ಗಿಡಾ ಹಿಡದು ಅಲುಗಾಡಸ್ತೀರೇನು?” ಎಂದು ಗದರಿಸಿ ಕಳಿಸಿದರು. ಮೂರನೇ ದಿನ ಪಕ್ಕದ ಗೆಳತಿಯ ಕಿವಿಯಲ್ಲಿ ಮಾತಾಡಿದಳಂತೆ. ಆಮೇಲೆ ಒಂದನೇ ಇಯತ್ತೆಯ ಇಬ್ಬರು ಸಣ್ಣವರಿಗೆ ಎಣಿಕೆ ಕಲಿಸುವ ಕೆಲಸ ಸಿಕ್ಕಿತು, ಕಲಿಸಲು ಬಾಯಿ ಬೇಕೇ ಬೇಕಲ್ಲ. ದಸರಾ ಸೂಟಿಗೆ ಮುಂಚೆ ಹಾಜರಿಗೆ “ಹೌದ್ರಿ” ಅಂದಳು. ಸಂಕ್ರಾಂತಿಯ ಹೊತ್ತಿಗೆ ಮಾಳಪ್ಪನ ಮಗನ ಜೊತೆ ಜಗಳವಾಡಿ ದೂರು ತಂದಳು. ಆ ದೂರು ಕೇಳಿ ನಾನು ಮಾಳಪ್ಪನ ಮಗನಿಗೆ ಪೇಡೆ ಕೊಟ್ಟೆ. ಹುಡುಗನಿಗೆ ಇವತ್ತಿಗೂ ಯಾಕೆಂದು ತಿಳಿದಿಲ್ಲ.

ಸಮಿತಿಯ ಸಭೆಯಲ್ಲಿ ನಾನೇ ಎದ್ದು, ನಮ್ಮ ಶಾಲೆಯಲ್ಲಿ ಛಡಿ ಇರಬಾರದು ಎಂದು ಠರಾವು ಮಂಡಿಸಿದೆ. ಬರೆದುಕೊಳ್ಳುತ್ತಿದ್ದ ಹೆಡ್ ಮಾಸ್ತರರು ಪೆನ್ನು ನಿಲ್ಲಿಸಿ, “ಅದು ಕಾನೂನಿನ್ಯಾಗs ಐತ್ರಿ, ಅಧ್ಯಕ್ಷರ” ಅಂದರು. ಇದ್ದರೆ ಇರಲಿ, ನಮ್ಮ ಪುಸ್ತಕದಲ್ಲೂ ಇರಲಿ ಎಂದು ಬರೆಸಿದೆ.

ಮುಮ್ತಾಜ್ ಅಕ್ಕೋರು ಮೂರು ವರ್ಷ ಇದ್ದು, ವರ್ಗವಾಗಿ ಬಸವನ ಬಾಗೇವಾಡಿ ಕಡೆಯ ಒಂದು ಶಾಲೆಗೆ ಹೋದರು, ತವರಿಗೆ ಹತ್ತಿರವಾಯಿತು. ಅವರ ಹೊಸ ಶಾಲೆಗೆ ಹೋದ ವರ್ಷ ನಾನೂ ಒಮ್ಮೆ ಹೋಗಿ ಬಂದೆ. ನೋಡಲಷ್ಟೇ ಅಲ್ಲ, ಪಾಠ ಮಾಡಲು. ಒಟ್ಟು ಇಷ್ಟರಲ್ಲಿ ಐದು ಶಾಲೆಯಲ್ಲಿ ನಿಂಬೆ ಎಣಿಸಿದ್ದೇನೆ. ಒಂದರಲ್ಲಿ ಮೇಷ್ಟ್ರೊಬ್ಬರು ನನ್ನನ್ನು ಎಷ್ಟು ಓದಿದ್ದೀರಿ ಎಂದು ಕೇಳಿದರು. ಏಳನೇದು ನಪಾಸು ಎಂದು ಎದೆ ಎತ್ತಿಯೇ ಹೇಳಿದೆ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಎರಡೆಕರೆ ತೋಟ. ಅದರಲ್ಲಿ ಕಾಯಿ ಬಿಡುವ ಗಿಡ ನೂರಾ ಹದಿನೆಂಟು, ಒಣಗಿದ್ದು ನಾಲ್ಕು. ಜೊತೆಗೆ ದುಡಿಯುವ ಹೆಣ್ಣುಮಕ್ಕಳು ಒಂಬತ್ತು. ಹಳೆಯ ಮೂರು ಗಾಲಿಯ ಟಂಟಂ ಗಾಡಿ ಒಂದು. ಹೆಂಡತಿ ಒಬ್ಬಳು, ಆಕೆಯ ಕೋಳಿ ಆರು. ಮಗಳು ಒಬ್ಬಳು, ಎಂಟನೇ ಇಯತ್ತೆ. ತರಗತಿಯಲ್ಲಿ ಬಹಳ ಮಾತಾಡುತ್ತಾಳೆ ಎಂದು ಹೈಸ್ಕೂಲಿನಿಂದ ಬಂದ ಚೀಟಿ ಮೂರು.